ಮಾತಾಡುವ ಹಾಟ್‌ಡಾಗ್, ಹಾರುವ ಮಂಚ

ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ಸ್ಟ್ರೀಟ್. ಗೆಳೆಯರ ಜೊತೆ ಎಲ್‌ಎಸ್‌ಡಿ ತೆಗೆದುಕೊಂಡ ಯುವತಿಯೊಬ್ಬಳು ಹಸಿವಾಗಿ ಅಲ್ಲೊಂದು ಹಾಟ್‌ಡಾಗ್ ಕೊಳ್ಳುತ್ತಾಳೆ. ಇನ್ನೇನು ಬಾಯಿಗಿಡಬೇಕು, ಬನ್ನಿನ ನಡುವಿನ ಸಾಸೇಜ್ ಕಿರುಚಿಕೊಳ್ಳುತ್ತದೆ. ಅದಕ್ಕೊಂದು ಮುಖ ಬಂದಿದೆ, ಮುಖದ ಮೇಲೆ ಕೆದರಿದ ಕೂದಲು. ತನ್ನನ್ನು ತಿನ್ನಬೇಡ, ಮನೆಯಲ್ಲಿ ಹೆಂಡತಿ ಇದ್ದಾಳೆ, ಸಾಕಲು ಏಳು ಮಕ್ಕಳಿದ್ದಾರೆ ಎಂದು ಅದು ಗೋಗರೆಯುತ್ತದೆ.

ಇದು ‘ಕೇಸ್ ಸ್ಟಡಿ: ಎಲ್‌ಎಸ್‌ಡಿ’ ಎಂಬ ಕಿರುಚಿತ್ರದ ದೃಶ್ಯ. 1969ರಲ್ಲಿ ಇದನ್ನು ತಯಾರಿಸಿದ್ದು ವಿಮಾನಗಳಿಗೆ ಹೆಸರಾದ ಅಮೆರಿಕದ ಲಾಕ್‌ಹೀಡ್ ಕಂಪನಿ. ಮಾದಕ ವಸ್ತುಗಳೆಂದರೆ ಯುವಜನರು ಹೆದರಿ ದೂರ ಸರಿಯಬೇಕು ಎಂಬುದು ಉದ್ದೇಶ. ಆದದ್ದು ಬೇರೆ. ಅರ್ಧ ಶತಮಾನ ಕಳೆದ ಮೇಲೂ ಜನ ಈ ಚಿತ್ರವನ್ನು ಹುಡುಕಿ ನೋಡುತ್ತಾರೆ, ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೆದರಿಕೆ ಯಾರಿಗೂ ನೆನಪಿಲ್ಲ, ಏಳು ಮಕ್ಕಳ ತಂದೆಯಾದ ಸಾಸೇಜ್ ಮಾತ್ರ ನೆನಪಿದೆ.

ಹೀಗೇಕಾಯಿತು ಎಂದು ಕೇಳಿಕೊಂಡರೆ ಒಂದು ದೊಡ್ಡ ಕಥೆಯೇ ಬಿಚ್ಚಿಕೊಳ್ಳುತ್ತದೆ. ಎಲ್‌ಎಸ್‌ಡಿ, ಮೆಸ್ಕಲಿನ್, ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೊಸಿಬಿನ್ ಇವನ್ನೆಲ್ಲ ಒಟ್ಟಾಗಿ ಸೈಕೆಡೆಲಿಕ್ ವಸ್ತುಗಳೆನ್ನುತ್ತಾರೆ. ಇವು ಕಣ್ಣಿಗೆ ಕಾಣುವುದನ್ನು, ಕಾಲದ ಅರಿವನ್ನು, ‘ನಾನು’ ಎಂಬ ಭಾವವನ್ನೇ ಕೆಲವು ಗಂಟೆಗಳ ಕಾಲ ಬುಡಮೇಲು ಮಾಡುತ್ತವೆ. ಅನುಭವಿಸಿದವನೇ ಮಾತಿನಲ್ಲಿ ಹೇಳಲಾಗದೆ ತಡವರಿಸುವ ಈ ಸ್ಥಿತಿಯನ್ನು ಕ್ಯಾಮೆರಾ ಹಿಡಿಯುವುದು ಹೇಗೆ? ಕೋಟಿಗಟ್ಟಲೆ ಸುರಿದು ಬಣ್ಣದ ಸುಳಿ ತಿರುಗಿಸಿದ ದೊಡ್ಡ ಚಿತ್ರಗಳು ಬೇಕಾದಷ್ಟಿವೆ. ಆದರೆ ಆ ಅನುಭವದ ಹತ್ತಿರಕ್ಕೆ ಹೋದವು ಹೆಚ್ಚಾಗಿ ಪುಟ್ಟ ಚಿತ್ರಗಳು ಮತ್ತು ಹಾಸ್ಯ. ಅಮಲಿನಲ್ಲಿರುವವನಿಗೆ ಜಗತ್ತು ಒಂದು ಬಗೆ, ಪಕ್ಕದಲ್ಲೇ ಕುಳಿತವನಿಗೆ ಇನ್ನೊಂದು ಬಗೆ. ಈ ಎರಡನ್ನೂ ಒಟ್ಟಿಗೆ ತೋರಿಸುವ ಜಾಣ್ಮೆ ಹಾಸ್ಯಕ್ಕೆ ಮೊದಲಿನಿಂದಲೂ ಇದೆ.

ಮೊದಲಿನಿಂದಲೂ ಎಂದರೆ ಸಿನಿಮಾ ಮಾತು ಕಲಿಯುವುದಕ್ಕೂ ಮುಂಚಿನಿಂದ. 1906ರಲ್ಲಿ ಎಡಿಸನ್ ಕಂಪನಿಗಾಗಿ ಎಡ್ವಿನ್ ಎಸ್. ಪೋರ್ಟರ್ ‘ಡ್ರೀಮ್ ಆಫ್ ಎ ರೇರ್‌ಬಿಟ್ ಫೀಂಡ್’ ಎಂಬ ಮೂಕಿ ಕಿರುಚಿತ್ರ ತೆಗೆದ. ವಿನ್ಸರ್ ಮೆಕೇ ಎಂಬ ವ್ಯಂಗ್ಯಚಿತ್ರಕಾರ ಪತ್ರಿಕೆಯಲ್ಲಿ ಬರೆಯುತ್ತಿದ್ದ ಚಿತ್ರಮಾಲೆ ಅದಕ್ಕೆ ಪ್ರೇರಣೆ. ಹೊಟ್ಟೆಬಾಕನೊಬ್ಬ ಕರಗಿಸಿದ ಚೀಸ್ ಸುರಿದ ಬ್ರೆಡ್ಡನ್ನು ಕಂಠಮಟ್ಟ ತಿಂದು, ಮೇಲೆ ಬಿಯರ್ ಕುಡಿದು ಮನೆಗೆ ಹೊರಡುತ್ತಾನೆ. ಬೀದಿ ತೊನೆದಾಡುತ್ತದೆ, ಅವನು ದೀಪದ ಕಂಬವನ್ನು ತಬ್ಬಿಕೊಳ್ಳುತ್ತಾನೆ. ಮಲಗಿದರೆ ಕೋಣೆಯ ಸಾಮಾನೆಲ್ಲ ಮಾಯ. ಪಾತ್ರೆಯಿಂದೆದ್ದ ಪುಟ್ಟ ದೆವ್ವಗಳು ಅವನ ತಲೆ ಕುಟ್ಟುತ್ತವೆ. ಕೊನೆಗೆ ಮಂಚವೇ ಗಿರ್ರನೆ ತಿರುಗಿ, ಕಿಟಕಿಯಿಂದ ಹಾರಿ, ಇಡೀ ನಗರದ ಮೇಲೆ ತೇಲುತ್ತ ಹೋಗುತ್ತದೆ. ಒಂದೇ ಫಿಲ್ಮಿನ ಮೇಲೆ ಎರಡು ದೃಶ್ಯಗಳನ್ನು ಮೂಡಿಸುವ ತಂತ್ರ ಬಳಸಿ ಪೋರ್ಟರ್ ಇದನ್ನು ಸಾಧಿಸಿದ. ಚಿತ್ರದ ಅವಧಿ ಏಳು ನಿಮಿಷದ ಆಸುಪಾಸು.

ಮಾದಕ ವಸ್ತುವೇನೂ ಇದರಲ್ಲಿಲ್ಲ, ಅಜೀರ್ಣ ಮತ್ತು ಬಿಯರ್ ಅಷ್ಟೇ. ಆದರೂ ಮುಂದೆ ನೂರು ವರ್ಷ ಸಿನಿಮಾ ಬಳಸಿದ ಸರಕೆಲ್ಲ ಇಲ್ಲಿಯೇ ಸಿದ್ಧವಾಗಿದೆ: ಓಲಾಡುವ ನೆಲ, ಜೀವ ತಳೆಯುವ ವಸ್ತುಗಳು, ಹಾರಾಟ, ಧೊಪ್ಪನೆ ನೆಲಕ್ಕೆ ಬಂದು ಎಚ್ಚರವಾಗುವುದು. ಮರುವರ್ಷ ಇದೇ ಪೋರ್ಟರ್ ‘ಲಾಫಿಂಗ್ ಗ್ಯಾಸ್’ ತೆಗೆದ. ಹಲ್ಲು ಕೀಳಿಸಿಕೊಳ್ಳಲು ಹೋದ ಹೆಂಗಸಿಗೆ ವೈದ್ಯರು ನಗೆ ಅನಿಲ ಕೊಡುತ್ತಾರೆ. ಅವಳು ಅಲ್ಲಿಂದ ನಗುತ್ತ ಹೊರಟವಳು ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ನಗೆ ಅಂಟಿಸುತ್ತಾಳೆ. ಬರ್ತಾ ರೆಗಸ್ಟಸ್ ಎಂಬ ಕಪ್ಪು ಕಲಾವಿದೆ ಆ ಪಾತ್ರ ಮಾಡಿದ್ದಾಳೆ, ಅವಳ ನಗು ಇಂದಿಗೂ ನೋಡುವವರಿಗೆ ಅಂಟುತ್ತದೆ. 1934ರ ‘ಹಾ! ಹಾ! ಹಾ!’ ಎಂಬ ಬೆಟಿ ಬೂಪ್ ಕಾರ್ಟೂನಿನಲ್ಲಂತೂ ಅದೇ ಅನಿಲ ಕಿಟಕಿಯಿಂದ ಹೊರಬಿದ್ದು ಊರ ಕಾರುಗಳನ್ನು, ಸೇತುವೆಯನ್ನು, ಸ್ಮಶಾನದ ಕಲ್ಲುಗಳನ್ನೂ ನಗಿಸಿಬಿಡುತ್ತದೆ.

ಇವೆಲ್ಲ ಮುಗ್ಧ ಕಾಲದ ಚಿತ್ರಗಳು. 1916ರಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್‌ನಂಥ ತಾರೆ ‘ದಿ ಮಿಸ್ಟರಿ ಆಫ್ ದಿ ಲೀಪಿಂಗ್ ಫಿಶ್’ನಲ್ಲಿ ಮೈಮೇಲಿನ ಪಟ್ಟಿಗೆ ಸಿರಿಂಜುಗಳನ್ನು ಸಿಕ್ಕಿಸಿಕೊಂಡ ಪತ್ತೇದಾರನಾಗಿ ಕುಣಿದಾಡಿದ್ದ. ಕೊಕೇನ್ ಚಟದ ಮೇಲೆ ಅಷ್ಟು ನಿಶ್ಚಿಂತೆಯಿಂದ ನಗುವುದು ಇಂದಿನ ಪ್ರೇಕ್ಷಕರಿಗೆ ಕಷ್ಟ. ಆ ನಗುವಿನ ಹಿಂದೆ ಯಾರ ನೋವೂ ಕಾಣುವುದಿಲ್ಲ, ಚಿತ್ರದ ದೊಡ್ಡ ಕೊರತೆ ಅದೇ.

ನಿಜವಾದ ಸೈಕೆಡೆಲಿಕ್ ಕಾಲ ಶುರುವಾಗುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಸ್ಯಾಂಡೋಝ್ ಔಷಧ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿಯೇ ಎಲ್‌ಎಸ್‌ಡಿಯನ್ನು ತಯಾರಿಸಿದ್ದರು. ಐದು ವರ್ಷಗಳ ನಂತರ, 1943ರ ಏಪ್ರಿಲ್ 19ರಂದು, ಅದರ ಪರಿಣಾಮ ತಿಳಿಯಲು ತಾವೇ 250 ಮೈಕ್ರೊಗ್ರಾಂ ಸೇವಿಸಿದರು. ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಇಷ್ಟು ಕಡಿಮೆ ಪ್ರಮಾಣ ಏನು ಮಾಡೀತು ಎಂದುಕೊಂಡಿದ್ದವರಿಗೆ ಸ್ವಲ್ಪ ಹೊತ್ತಿನಲ್ಲೇ ಮಾತು ತೊದಲಿತು. ಯುದ್ಧದ ಕಾಲ, ಕಾರು ಸಿಗದು. ಸಹಾಯಕಿ ಸೂಸಿ ರಾಮ್‌ಸ್ಟೈನ್ ಜೊತೆ ಸೈಕಲ್ ಹತ್ತಿ ಮನೆಗೆ ಹೊರಟರು. ಎಷ್ಟು ತುಳಿದರೂ ನಿಂತಲ್ಲೇ ನಿಂತಿದ್ದೇನೆ ಎಂದು ಹಾಫ್‌ಮನ್‌ಗೆ ಅನಿಸಿತು. ಬಹಳ ವೇಗವಾಗಿ ಬಂದೆವು ಎಂದು ಆಮೇಲೆ ಹೇಳಿದವಳು ಆ ಸಹಾಯಕಿ.

ಮನೆಯಲ್ಲಿ ಕುರ್ಚಿ ಮೇಜುಗಳು ಮೈಮೇಲೆ ಬರುವಂತೆ ಕಂಡವು. ವಿಷಕ್ಕೆ ಮದ್ದಾದೀತೆಂದು ಹಾಲು ಕೇಳಿದರು. ಪಕ್ಕದ ಮನೆಯ ಹೆಂಗಸು ತಂದುಕೊಟ್ಟ ಹಾಲನ್ನು ಎರಡು ಲೀಟರಿಗೂ ಹೆಚ್ಚು ಕುಡಿದರು. ಆ ಉಪಕಾರಿ ನೆರೆಯಾಕೆಯೇ ಅವರ ಕಣ್ಣಿಗೆ ಮುಖವಾಡ ತೊಟ್ಟ ಮಾಟಗಾತಿಯಾಗಿದ್ದಳು. ತಾನು ಸಾಯುತ್ತಿದ್ದೇನೆ, ಹೆಂಡತಿ ಮಕ್ಕಳ ಗತಿಯೇನು ಎಂಬ ಭಯ ಕಾಡಿತು. ಡಾಕ್ಟರು ಬಂದು ಪರೀಕ್ಷಿಸಿದರೆ ಕಣ್ಣಿನ ಪಾಪೆ ಹಿಗ್ಗಿರುವುದು ಬಿಟ್ಟು ಮೈಯಲ್ಲಿ ಏನೂ ತೊಂದರೆಯಿಲ್ಲ. ಭಯ ಇಳಿದ ಮೇಲೆ ಮುಚ್ಚಿದ ಕಣ್ಣೊಳಗೆ ಬಣ್ಣದ ಆಕಾರಗಳು ಅರಳತೊಡಗಿದವು.

ಹಾಫ್‌ಮನ್ ತಾವೇ ಬರೆದಿಟ್ಟ ಈ ವೃತ್ತಾಂತದಲ್ಲಿ ಭಯಾನಕವೂ ಇದೆ, ಹಾಸ್ಯವೂ ಇದೆ. ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡೇ ಇದೆ. ಮನೆಯೊಳಗೆ ಒಬ್ಬರು ಸಾವಿನ ಬಾಯಲ್ಲಿದ್ದೇನೆಂದು ನಡುಗುತ್ತಿದ್ದರೆ ಬಾಗಿಲಲ್ಲಿ ನೆರೆಯಾಕೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದಾಳೆ. ಮುಂದೆ ಬಂದ ಚಿತ್ರಗಳಲ್ಲಿ ಯಾವುವು ಈ ನೆರೆಯಾಕೆಯನ್ನೂ ಸಹಾಯಕಿಯನ್ನೂ ಮರೆಯಲಿಲ್ಲವೋ ಅವು ಗೆದ್ದವು.

ಅದೇ ಸ್ಯಾಂಡೋಝ್ ಕಂಪನಿ ಇಪ್ಪತ್ತು ವರ್ಷಗಳ ನಂತರ ಸಿನಿಮಾಕ್ಕೂ ಕೈಹಾಕಿತು. ವೈದ್ಯರಿಗೆ ಈ ಸ್ಥಿತಿಯನ್ನು ತೋರಿಸಿ ತಿಳಿಸಬೇಕಿತ್ತು. ಮೆಸ್ಕಲಿನ್ ಕುರಿತು ಪುಸ್ತಕಗಳನ್ನೇ ಬರೆದಿದ್ದ ಫ್ರೆಂಚ್ ಕವಿ, ಚಿತ್ರಕಾರ ಆನ್ರಿ ಮಿಶೊ ಅವರ ಜೊತೆಗೂಡಿ ಎರಿಕ್ ದ್ಯುವಿವಿಯೆ 1963ರಲ್ಲಿ ಸುಮಾರು ಅರ್ಧ ಗಂಟೆಯ ಚಿತ್ರ ಮಾಡಿದರು. ಮೆಸ್ಕಲಿನ್‌ಗೊಂದು ಭಾಗ, ಹಶೀಶ್‌ಗೊಂದು ಭಾಗ. ಚೂಪಾದ ರೇಖೆಗಳು, ಒಡೆದು ಚೂರಾಗುವ ಬಣ್ಣಗಳು, ಒಂದರಿಂದೊಂದು ಹುಟ್ಟುತ್ತಲೇ ಹೋಗುವ ಆಕಾರಗಳು. ನೋಡಲು ಅದ್ಭುತ. ಆದರೆ ಆ ಅನುಭವದ ವೇಗಕ್ಕೂ ತೀವ್ರತೆಗೂ ಯಾವ ಚಿತ್ರವೂ ಸಾಟಿಯಾಗದು ಎಂಬುದನ್ನು ಮಿಶೊ ಚಿತ್ರದ ಆರಂಭದಲ್ಲೇ ಒಪ್ಪಿಕೊಂಡುಬಿಟ್ಟರು. ಈ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ಚಿತ್ರ ಇನ್ನೊಂದು ಸಿಗುವುದು ಅಪರೂಪ.

ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರುವ ಸುರಂಗ, ಸುರುಳಿ, ಜೇನುಗೂಡಿನಂಥ ಬಲೆ ಇವು ಬರೀ ಕಲ್ಪನೆಯಲ್ಲ. ಹೈನ್ರಿಚ್ ಕ್ಲೂವರ್ ಎಂಬ ಮನೋವಿಜ್ಞಾನಿ 1920ರ ದಶಕದಲ್ಲಿ ಮೆಸ್ಕಲಿನ್ ಅನುಭವಗಳನ್ನು ಪರಿಶೀಲಿಸಿ, ಜನ ಕಾಣುವ ಆಕಾರಗಳು ನಾಲ್ಕು ಗುಂಪಿಗೆ ಸೇರುತ್ತವೆ ಎಂದರು: ಜಾಲರಿ, ಜೇಡನ ಬಲೆ, ಸುರಂಗ, ಸುರುಳಿ. 1979ರಲ್ಲಿ ಬಾರ್ಡ್ ಎರ್ಮೆಂಟ್ರೌಟ್ ಮತ್ತು ಜಾಕ್ ಕೋವನ್ ಎಂಬ ಗಣಿತಜ್ಞರು ಇದಕ್ಕೆ ಕಾರಣ ವಿವರಿಸಿದರು. ಕಣ್ಣಿನಿಂದ ಬಂದ ಚಿತ್ರವನ್ನು ಮೆದುಳು ತನ್ನ ಹಾಳೆಯ ಮೇಲೆ ಒಂದು ವಿಶಿಷ್ಟ ರೀತಿಯಲ್ಲಿ ಎಳೆದು ಹರಡಿಕೊಳ್ಳುತ್ತದೆ. ಆ ಹಾಳೆಯ ಮೇಲೆ ನರಕೋಶಗಳು ತಮ್ಮಷ್ಟಕ್ಕೆ ತಾವೇ ನೇರ ಪಟ್ಟೆಗಳಾಗಿ ಮಿಡಿದರೆ ನೋಡುವವನಿಗೆ ಅದು ಸುರಂಗವಾಗಿಯೋ ಸುರುಳಿಯಾಗಿಯೋ ಕಾಣುತ್ತದೆ. ಯಾವ ದೇಶದವನಿಗಾದರೂ ಹೆಚ್ಚುಕಡಿಮೆ ಅವೇ ಆಕಾರಗಳು, ಯಾಕೆಂದರೆ ಮೆದುಳಿನ ಕಟ್ಟಡ ಒಂದೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 20 ಸ್ವಯಂಸೇವಕರ ಮೆದುಳನ್ನು ಎಲ್‌ಎಸ್‌ಡಿ ಪ್ರಭಾವದಲ್ಲಿ ಸ್ಕ್ಯಾನ್ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ಕಣ್ಣು ಮುಚ್ಚಿದ್ದಾಗಲೂ ದೃಷ್ಟಿಯ ಭಾಗ ಮೆದುಳಿನ ಬೇರೆ ಬೇರೆ ಭಾಗಗಳ ಜೊತೆ ಎಂದಿಗಿಂತ ಹೆಚ್ಚು ಸಂಪರ್ಕದಲ್ಲಿತ್ತು.

ಹಾಗಾದರೆ ಆಕಾರಗಳನ್ನು ಸರಿಯಾಗಿ ತೋರಿಸಿದರೆ ಅನುಭವವೂ ಬಂದುಬಿಡುತ್ತದೆಯೇ? ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕೆಯ್ಸುಕೆ ಸುಜುಕಿ, ಅನಿಲ್ ಸೇಠ್ ಮುಂತಾದವರು ಇದನ್ನೇ ಪರೀಕ್ಷಿಸಿದರು. ಗೂಗಲ್‌ನ ‘ಡೀಪ್‌ಡ್ರೀಮ್’ ಎಂಬ ಕಂಪ್ಯೂಟರ್ ಕ್ರಮವಿಧಿ ಯಾವ ಚಿತ್ರದಲ್ಲಾದರೂ ನಾಯಿಮುಖಗಳನ್ನೂ ಕಣ್ಣುಗಳನ್ನೂ ಮೂಡಿಸಬಲ್ಲದು. ತಮ್ಮ ಆವರಣದ ವಿಡಿಯೊವನ್ನು ಅದರ ಮೂಲಕ ಹಾಯಿಸಿ, ಕಣ್ಣಿಗೆ ಕಟ್ಟಿಕೊಳ್ಳುವ ವರ್ಚುಯಲ್ ರಿಯಾಲಿಟಿ ಸಾಧನದಲ್ಲಿ ತೋರಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಸಿನಿಮಾದವರೆಲ್ಲ ಓದಬೇಕಾದದ್ದು. ಕಣ್ಣಿಗೆ ಕಂಡದ್ದು ಸೈಲೊಸಿಬಿನ್ ಅನುಭವವನ್ನು ಹೋಲುತ್ತಿತ್ತು ನಿಜ, ಆದರೆ ಕಾಲದ ಅರಿವು ಮಾತ್ರ ಏರುಪೇರಾಗಲಿಲ್ಲ. ಗಡಿಯಾರ ಗಡಿಯಾರವಾಗಿಯೇ ಉಳಿಯಿತು.

ಸಿನಿಮಾ ಸೋಲುವುದು ಸರಿಯಾಗಿ ಇಲ್ಲಿ. ಎಲ್‌ಎಸ್‌ಡಿಯ ಪ್ರಭಾವ ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ತೆರೆಯ ಮೇಲೆ ಅದು ಎರಡು ನಿಮಿಷದ ಹಾಡು. ಇದು ಯಾವಾಗ ಮುಗಿಯುತ್ತದೆ, ಮುಗಿಯುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವ ಐದನೇ ಗಂಟೆ ಯಾವ ಬಣ್ಣದ ಸುಳಿಯಲ್ಲೂ ಬರುವುದಿಲ್ಲ. 1960ರ ದಶಕದಲ್ಲಿ ಗಾಜಿನ ಬಟ್ಟಲಲ್ಲಿ ಎಣ್ಣೆ ಮತ್ತು ಬಣ್ಣದ ನೀರು ಕಲಸಿ ಪ್ರೊಜೆಕ್ಟರಿನಿಂದ ಗೋಡೆಗೆ ಬಿಡುತ್ತಿದ್ದ ಬೆಳಕಿನಾಟ ಸಂಗೀತ ಕಚೇರಿಗಳಲ್ಲಿ ಜನಪ್ರಿಯವಾಗಿತ್ತು. ಅದನ್ನೇ ಸಿನಿಮಾ ಎರವಲು ಪಡೆದು ಸವೆಯುವವರೆಗೆ ಬಳಸಿತು.

ಇದೇ ಹೊತ್ತಿಗೆ ಭಾರತವೂ ಈ ಕಥೆಯೊಳಗೆ ಬಂತು. ಅಮೆರಿಕದ ಜೇಮ್ಸ್ ವಿಟ್ನಿ 1957ರಲ್ಲಿ ‘ಯಂತ್ರ’ ಎಂಬ ಅಮೂರ್ತ ಕಿರುಚಿತ್ರ ಮುಗಿಸಿದ್ದರು. 1966ರ ಅವರ ‘ಲ್ಯಾಪಿಸ್’ನಲ್ಲಿ ಸಾವಿರಾರು ಚುಕ್ಕೆಗಳು ಮಂಡಲವಾಗಿ ಅರಳಿ ಮುದುಡುತ್ತವೆ, ಹಿನ್ನೆಲೆಯಲ್ಲಿ ರವಿಶಂಕರ್ ಅವರ ಸಿತಾರ್. ಜೋರ್ಡನ್ ಬೆಲ್ಸನ್ 1967ರಲ್ಲಿ ತಮ್ಮ ಚಿತ್ರಕ್ಕೆ ‘ಸಮಾಧಿ’ ಎಂದೇ ಹೆಸರಿಟ್ಟರು. ಇವೆಲ್ಲ ಧ್ಯಾನದಷ್ಟೇ ಶ್ರದ್ಧೆಯಿಂದ, ಚುಕ್ಕೆಯ ಪಕ್ಕ ಚುಕ್ಕೆಯಿಟ್ಟು ಮಾಡಿದ ಕೆಲಸ. ಆದರೆ ನಕಲು ಮಾಡಿದವರಿಗೆ ಶ್ರದ್ಧೆ ಬೇಕಿರಲಿಲ್ಲ. ಸಿತಾರ್ ಮೀಟಿದರೆ ಪಾತ್ರ ಅಮಲಿನಲ್ಲಿದೆ ಎಂದರ್ಥ ಎಂಬ ಅಗ್ಗದ ಸಂಕೇತ ಸಿನಿಮಾ, ಟೀವಿಗಳಲ್ಲಿ ಬೇರೂರಿತು. ರವಿಶಂಕರ್ ಇದನ್ನು ತೀವ್ರವಾಗಿ ವಿರೋಧಿಸಿದರು. ತಮ್ಮ ಸಂಗೀತವನ್ನು ಮಾದಕ ವಸ್ತುಗಳಿಗೆ ಜೋಡಿಸುವುದು ಸಲ್ಲದು, ಅಮಲಿನಲ್ಲಿ ಕೇಳುವವರು ರಾಗವನ್ನು ಕೇಳುತ್ತಿಲ್ಲ ಎಂದು ಪಶ್ಚಿಮದ ಪ್ರೇಕ್ಷಕರ ಎದುರೇ ಹೇಳಿದರು. ಅವರ ಕೋಪ ನ್ಯಾಯವಾದದ್ದು. ಗುರುವಿನ ಕಾಲಬಳಿ ವರ್ಷಗಟ್ಟಲೆ ಕುಳಿತು ಕಲಿತ ವಿದ್ಯೆ ಯಾರದೋ ಅಮಲಿನ ಹಿನ್ನೆಲೆ ಸದ್ದಾಗಿಬಿಟ್ಟಿತ್ತು.

ಬಣ್ಣದ ಸುಳಿ ಸೋತಲ್ಲಿ ಹಾಸ್ಯ ಏನು ಮಾಡಿತು? ಮೊದಲ ಪ್ರಯತ್ನಗಳು ಎಡವಿದವು. 1968ರ ‘ಸ್ಕಿಡೂ’ವನ್ನು ಗಂಭೀರ ಚಿತ್ರಗಳಿಗೆ ಹೆಸರಾದ ಆಟೊ ಪ್ರೆಮಿಂಜರ್ ನಿರ್ದೇಶಿಸಿದರು. ಜಾಕಿ ಗ್ಲೀಸನ್ ಮಾಡಿದ ಹಳೆಯ ರೌಡಿಯ ಪಾತ್ರ ಜೈಲಿನಲ್ಲಿ ಗೊತ್ತಿಲ್ಲದೆ ಎಲ್‌ಎಸ್‌ಡಿ ಸೇವಿಸಿಬಿಡುತ್ತದೆ, ಕೊನೆಗೆ ಕಾವಲುಗಾರರಿಗೂ ಅದೇ ಗತಿ, ಕಸದ ಡಬ್ಬಗಳು ಕುಣಿಯುತ್ತವೆ. ಗ್ಯಾಂಗಿನ ಮುಖ್ಯಸ್ಥನಾಗಿ ಗ್ರೌಚೊ ಮಾರ್ಕ್ಸ್, ಅದು ಅವರ ಕೊನೆಯ ಸಿನಿಮಾ. ಚಿತ್ರ ನೆಲಕಚ್ಚಿತು. ಎಪ್ಪತ್ತೇಳರ ಆಸುಪಾಸಿನಲ್ಲಿದ್ದ ಗ್ರೌಚೊ ಪಾತ್ರದ ತಯಾರಿಗೆಂದು ತನ್ನ ಜೊತೆ ಎಲ್‌ಎಸ್‌ಡಿ ತೆಗೆದುಕೊಂಡಿದ್ದರು ಎಂದು ಪತ್ರಕರ್ತ ಪಾಲ್ ಕ್ರಾಸ್ನರ್ ಬರೆದಿದ್ದಾರೆ. ಅದರಿಂದ ನಟನೆಗೇನೂ ಲಾಭವಾದಂತೆ ಕಾಣುವುದಿಲ್ಲ. ಅಮಲನ್ನು ಚಿತ್ರಿಸಲು ಅಮಲೇರಲೇಬೇಕು ಎಂಬ ವಾದಕ್ಕೆ ಕನ್ನಡಿಗರ ಬಳಿ ಒಳ್ಳೆಯ ಉತ್ತರವಿದೆ. ಯೆಂಡ್ಕುಡ್ಕ ರತ್ನನನ್ನು ನಮಗೆ ಕೊಟ್ಟ ಜಿ.ಪಿ. ರಾಜರತ್ನಂ ಹೆಂಡ ಮುಟ್ಟಿದವರಲ್ಲ. ಕುಡುಕನ ಮಾತು, ನಡೆ, ಹೆಂಡತಿಯ ಮೇಲಿನ ಅಕ್ಕರೆ ಎಲ್ಲವನ್ನೂ ಅವರು ಕಂಡದ್ದು ಎಚ್ಚರದ ಕಣ್ಣಿನಿಂದ.

ಸರ್ಕಾರದ ಪ್ರಯತ್ನವೂ ಒಂದಿದೆ, ಅದರ ಗತಿ ಇನ್ನೂ ವಿಚಿತ್ರ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 1971ರ ಸುಮಾರಿಗೆ ಎಂಟರಿಂದ ಹತ್ತು ವರ್ಷದ ಮಕ್ಕಳಿಗಾಗಿ ‘ಕ್ಯೂರಿಯಸ್ ಆಲಿಸ್’ ಎಂಬ ಕಿರುಚಿತ್ರ ಮಾಡಿಸಿತು. ಆಲಿಸ್ ಮಾಯಾಲೋಕಕ್ಕೆ ಇಳಿದರೆ ಹುಚ್ಚು ಟೋಪಿವಾಲ ಎಲ್‌ಎಸ್‌ಡಿ ಮತ್ತಿನಲ್ಲಿದ್ದಾನೆ, ಮೊಲ ಉತ್ತೇಜಕ ಗುಳಿಗೆ ನುಂಗಿದೆ, ಇಲಿ ನಿದ್ದೆಯ ಗುಳಿಗೆಯಲ್ಲಿ ತೂಕಡಿಸುತ್ತಿದೆ. ಮಕ್ಕಳು ಇವರನ್ನು ನೋಡಿ ಬುದ್ಧಿ ಕಲಿಯಬೇಕಿತ್ತು. ಆದರೆ ಅನಿಮೇಷನ್ ಎಷ್ಟು ಚೆಂದವಾಗಿತ್ತೆಂದರೆ ಆ ಲೋಕವೇ ಕಣ್ಣಿಗೆ ಹಬ್ಬವಾಯಿತು. ಚಿತ್ರ ಮಕ್ಕಳನ್ನು ಗೊಂದಲಕ್ಕೆ ತಳ್ಳುತ್ತದೆ, ಆಕರ್ಷಿಸಲೂಬಹುದು ಎಂದು ಮಾದಕ ವಸ್ತುಗಳ ಕುರಿತ ಶೈಕ್ಷಣಿಕ ಚಿತ್ರಗಳನ್ನು ವಿಮರ್ಶಿಸಿದ ತಜ್ಞರು ಮರುವರ್ಷವೇ ಎಚ್ಚರಿಸಿದರು. ಈಗ ಅದು ಅಮೆರಿಕದ ರಾಷ್ಟ್ರೀಯ ದಾಖಲಾಗಾರದಲ್ಲಿದೆ. ಲಾಕ್‌ಹೀಡ್ ಚಿತ್ರ ಹೆದರಿಸಲು ಹೋಗಿ ನಗಿಸಿತು, ಇದು ಹೆದರಿಸಲು ಹೋಗಿ ಮರುಳು ಮಾಡಿತು. ಅಷ್ಟರಲ್ಲಿ ನಿಜವಾದ ಅಪಾಯವನ್ನು ಮಕ್ಕಳಿಗೆ ಹೇಳುವ ಅವಕಾಶವೇ ಕೈತಪ್ಪಿತ್ತು.

ಹಾಸ್ಯ ಈ ವಸ್ತುವನ್ನು ಸರಿಯಾಗಿ ಹಿಡಿದದ್ದಕ್ಕೆ ಒಂದೇ ಉದಾಹರಣೆ ಆರಿಸಬೇಕೆಂದರೆ 1997ರ ಜನವರಿ 5ರಂದು ಪ್ರಸಾರವಾದ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಸರಣಿಯ ಕಂತನ್ನು ಆರಿಸಬಹುದು. ಊರಿನಲ್ಲಿ ಖಾರದ ಅಡುಗೆಯ ಜಾತ್ರೆ. ಎಂಥ ಖಾರಕ್ಕೂ ಜಗ್ಗದವನೆಂದು ಬೀಗುವ ಹೋಮರ್, ಬಾಯಿಗೆಲ್ಲ ಕರಗಿದ ಮೇಣ ಸವರಿಕೊಂಡು ಗ್ವಾಟೆಮಾಲದ ಭಯಂಕರ ಮೆಣಸಿನಕಾಯಿಗಳನ್ನು ಸಾಲಾಗಿ ನುಂಗುತ್ತಾನೆ. ಕೊಂಚ ಹೊತ್ತಿನಲ್ಲಿ ಜಗತ್ತು ಕರಗಿ ಮರುಭೂಮಿಯಾಗುತ್ತದೆ. ನಿಧಾನಕ್ಕೆ ನಡೆಯುವ ಆಮೆಯ ಹಿಂದೆ ಹೋದ ಅವನಿಗೆ ಪಿರಮಿಡ್ಡು ಎದುರಾಗುತ್ತದೆ, ನರಿಯಂಥ ಕಯೋಟಿಯೊಂದು ಮಾತಾಡುತ್ತದೆ. ಅದಕ್ಕೆ ಧ್ವನಿ ಕೊಟ್ಟವರು ಗಾಯಕ ಜಾನಿ ಕ್ಯಾಶ್. ನಿನ್ನ ಆತ್ಮಸಂಗಾತಿಯನ್ನು ಹುಡುಕು ಎಂದು ಅದು ಹೇಳುತ್ತದೆ.

ಕಂತಿನ ಹೆಚ್ಚುಗಾರಿಕೆ ಮುಂದಿನದು. ಎಚ್ಚರವಾದಾಗ ಹೋಮರ್ ಗಾಲ್ಫ್ ಮೈದಾನದಲ್ಲಿ ಬಿದ್ದಿದ್ದಾನೆ. ಮನೆಯಲ್ಲಿ ಹೆಂಡತಿ ಮಾರ್ಜ್, ಇವನು ಮತ್ತೆ ಕುಡಿದು ಎಲ್ಲರೆದುರು ಮಾನ ಕಳೆದ ಎಂದು ಕೆಂಡವಾಗಿದ್ದಾಳೆ. ಅವನು ಕಂಡದ್ದು ಬ್ರಹ್ಮಾಂಡ, ಅವಳು ಕಂಡದ್ದು ತೊದಲುವ ಗಂಡ. ಇವಳು ನನ್ನ ಆತ್ಮಸಂಗಾತಿ ಹೌದೇ ಎಂಬ ಪ್ರಶ್ನೆ ಅಮಲು ಇಳಿದ ಮೇಲೂ ಉಳಿದುಕೊಂಡು ಕಥೆಯನ್ನು ನಡೆಸುತ್ತದೆ. ಕೊನೆಗೆ ಉತ್ತರ ಸಿಗುವುದು ಮೆಣಸಿನಕಾಯಿಯಿಂದಲ್ಲ, ಅವನು ಎಲ್ಲಿಗೆ ಹೋಗಿರಬಹುದೆಂದು ಊಹಿಸಿ ಹುಡುಕಿ ಬಂದ ಮಾರ್ಜ್‌ಳಿಂದ. ಇಪ್ಪತ್ತೆರಡು ನಿಮಿಷದಲ್ಲಿ ದರ್ಶನ, ನಗೆಪಾಟಲು, ಮರುದಿನದ ಸಂಕಟ, ಹೆಂಡತಿಯ ಕಣ್ಣೀರು ಎಲ್ಲಕ್ಕೂ ಜಾಗವಿದೆ. ಇದರ ಮುಂದೆ ಎಷ್ಟೋ ದುಬಾರಿ ಚಿತ್ರಗಳು ಬಡವಾಗಿ ಕಾಣುತ್ತವೆ.

ವೇದಿಕೆಯ ಹಾಸ್ಯಗಾರರು ಇನ್ನೊಂದು ದಾರಿ ಹಿಡಿದರು. 1994ರಲ್ಲಿ ಬರೀ 32ನೇ ವಯಸ್ಸಿಗೆ ತೀರಿಕೊಂಡ ಬಿಲ್ ಹಿಕ್ಸ್, ಸುದ್ದಿವಾಹಿನಿಗಳು ಎಲ್‌ಎಸ್‌ಡಿಯ ದುರಂತಗಳನ್ನು ಮಾತ್ರ ಹೇಳುವುದೇಕೆ ಎಂದು ಕೇಳಿ, ತಾನೇ ವಾರ್ತಾವಾಚಕನ ಧ್ವನಿಯಲ್ಲಿ ಒಂದು ಒಳ್ಳೆಯ ಸುದ್ದಿ ಓದಿ ತೋರಿಸುತ್ತಿದ್ದರು. ಮನುಷ್ಯರೆಲ್ಲ ಒಂದೇ ಚೈತನ್ಯ ಎಂದು ಯುವಕನೊಬ್ಬ ಕಂಡುಕೊಂಡ ಎಂಬ ಸುದ್ದಿ. ಸಭಿಕರು ನಗುತ್ತ ನಗುತ್ತಲೇ ಯೋಚನೆಗೆ ಬೀಳುತ್ತಿದ್ದರು.

2020ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಹ್ಯಾವ್ ಎ ಗುಡ್ ಟ್ರಿಪ್’ ಈ ಎರಡೂ ಪರಂಪರೆಗಳನ್ನು ಕೂಡಿಸಿತು. ಡಾನಿಕ್ ಕ್ಯಾರಿ ನಿರ್ದೇಶನದ ಈ ಚಿತ್ರದಲ್ಲಿ ನಟರು, ಗಾಯಕರು, ಹಾಸ್ಯಗಾರರು ತಮ್ಮ ಸೈಕೆಡೆಲಿಕ್ ಅನುಭವಗಳನ್ನು ಹೇಳುತ್ತಾರೆ. ಅವನ್ನು ಪುಟ್ಟ ಪುಟ್ಟ ಅನಿಮೇಷನ್, ನಾಟಕಗಳಾಗಿ ಕಟ್ಟಲಾಗಿದೆ. ಚಿತ್ರ ಬರುವ ಹೊತ್ತಿಗೆ ತೀರಿಕೊಂಡಿದ್ದ ಕ್ಯಾರಿ ಫಿಶರ್, ಆಂಥೊನಿ ಬೋರ್ಡೇನ್ ಕೂಡ ಇದ್ದಾರೆ. ಗಾಯಕ ಸ್ಟಿಂಗ್ ಹೇಳುವ ಕಥೆ ಮನಸ್ಸಿನಲ್ಲಿ ನಿಲ್ಲುವಂಥದ್ದು. ಪೆಯೋಟಿ ಕಳ್ಳಿಯ ಅಮಲಿನಲ್ಲಿದ್ದಾಗಲೇ ಅವರ ಹೊಲದಲ್ಲಿ ಹಸುವೊಂದು ಕರು ಹಾಕಲಾಗದೆ ಒದ್ದಾಡುತ್ತಿತ್ತು, ಆಳು ಬಂದು ನೆರವಿಗೆ ಕರೆದ. ಕರುವನ್ನು ಕೈಯಾರೆ ಎಳೆದು ಭೂಮಿಗೆ ತಂದ ಗಳಿಗೆ ಅವರಿಗೆ ಸೃಷ್ಟಿಯ ದರ್ಶನವೇ ಆಯಿತಂತೆ. ಅಲ್ಲಿಯೂ ಅಮಲೇರದ ಆಳು ಪಕ್ಕದಲ್ಲಿದ್ದ, ಹಸುವಿಗೆ ನಿಜವಾಗಿಯೂ ನೋಯುತ್ತಿತ್ತು. ಕಥೆಗೆ ತೂಕ ಬಂದದ್ದು ಅದರಿಂದ.

ಈ ಚಿತ್ರದ ಬಗ್ಗೆ ಒಂದು ಆಕ್ಷೇಪ ಹೇಳಲೇಬೇಕು. ಇಲ್ಲಿ ಮಾತಾಡುವವರೆಲ್ಲ ಹೆಸರು, ಹಣ, ಅನುಕೂಲ ಇರುವವರು. ಕೆಲವರು ಕೆಟ್ಟ ಅನುಭವಗಳನ್ನೂ ಹೇಳುತ್ತಾರೆ, ಆದರೆ ಹೇಳಿ ನಗುವಷ್ಟು ಕ್ಷೇಮವಾಗಿ ಮರಳಿದವರು ಅವರು. ಮನೆಯಲ್ಲಿ ಸ್ಕಿಜೋಫ್ರೇನಿಯಾದಂಥ ಕಾಯಿಲೆಯ ಇತಿಹಾಸವಿರುವವರನ್ನು ಸಂಶೋಧಕರು ಈ ವಸ್ತುಗಳ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗಿಡುತ್ತಾರೆ, ಏಕೆಂದರೆ ಅಂಥವರಲ್ಲಿ ಚಿತ್ತವಿಕಾರ ಕಾಣಿಸಿಕೊಳ್ಳುವ ಭಯವಿದೆ. ಅಮಲಿಳಿದು ವಾರಗಳು ಕಳೆದರೂ ಕಣ್ಣೆದುರು ಆಕಾರಗಳು, ಬೆಳಕಿನ ಗೆರೆಗಳು ಮಾಸದೆ ನರಳುವವರೂ ಇದ್ದಾರೆ. ಇವರ್ಯಾರೂ ಮೈಕ್ ಹಿಡಿದು ವೇದಿಕೆ ಹತ್ತುವುದಿಲ್ಲ. ಹಾಸ್ಯದ ತೆರೆಗೆ ಇವರ ಕಥೆ ಬರದೇ ಹೋಗುವುದು ದೊಡ್ಡ ನಷ್ಟ.

ಭಾರತದ ತೆರೆಯಲ್ಲಿ ಈ ಜಾಗವನ್ನು ಬಹುಕಾಲ ತುಂಬಿದ್ದು ಭಂಗಿ. 1974ರ ‘ಆಪ್ ಕೀ ಕಸಮ್’ನಲ್ಲಿ ರಾಜೇಶ್ ಖನ್ನಾ, ಮುಮ್ತಾಜ್ ಶಿವರಾತ್ರಿಯ ದಿನ ಭಂಗಿ ಕುಡಿದು ಕುಣಿದರು. 1978ರ ‘ಡಾನ್’ನಲ್ಲಿ ಅಮಿತಾಭ್ ಬಚ್ಚನ್ ಅದೇ ಅಮಲಿನಲ್ಲಿ ಕುಣಿದ ಹಾಡು ಇಂದಿಗೂ ಮದುವೆ ಮನೆಗಳಲ್ಲಿ ಕೇಳುತ್ತದೆ. ಇವುಗಳಲ್ಲಿ ಅಮಲು ಹಬ್ಬದ ಭಾಗ, ಊರೆಲ್ಲ ಜೊತೆಗಿರುತ್ತದೆ, ಕಾಲು ತೊಡರಿದರೆ ಹಿಡಿಯುವ ಕೈಗಳಿರುತ್ತವೆ. ಒಳಗಿನ ಜಗತ್ತು ಹೇಗೆ ಬದಲಾಯಿತು ಎಂಬುದು ಆ ಹಾಡುಗಳಿಗೆ ಬೇಕಿಲ್ಲ.

ಒಳಗಿನ ಜಗತ್ತಿಗೇ ಕೈಹಾಕಿದ ಕನ್ನಡ ಚಿತ್ರ 2013ರ ‘ಲೂಸಿಯಾ’. ಪ್ರೇಕ್ಷಕರೇ ಹಣ ಕೂಡಿಸಿ ಮಾಡಿಸಿದ, ಪವನ್ ಕುಮಾರ್ ನಿರ್ದೇಶನದ ಈ ಚಿತ್ರದಲ್ಲಿ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಲೂಸಿಯಾ ಎಂಬ ಕಲ್ಪಿತ ಗುಳಿಗೆ ನುಂಗಿದರೆ ಬೇಕಾದ ಕನಸು ಬೀಳುತ್ತದೆ. ಅದು ಪೂರ್ಣ ಪ್ರಮಾಣದ ಚಿತ್ರ, ಹಾಸ್ಯವೂ ಅದರ ಒಂದು ಅಂಶ ಮಾತ್ರ. ಆದರೂ ಇಲ್ಲಿ ನೆನೆಯಬೇಕಾದದ್ದು ಅದರ ಸರಳತೆಗಾಗಿ. ಸುಳಿಯಿಲ್ಲ, ಸುರಂಗವಿಲ್ಲ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ನಿಜ ಎಂದು ನೋಡುಗನೇ ತಡಕಾಡುವಂತೆ ಮಾಡಲು ಸತೀಶ್ ನೀನಾಸಂ ಅವರ ಮುಖ ಮತ್ತು ಈ ಬಣ್ಣದ ವ್ಯತ್ಯಾಸ ಸಾಕಾದವು.

ಈಗ ಕೈಯಲ್ಲೊ ಫೋನು, ಲ್ಯಾಪ್‌ಟಾಪಿನಲ್ಲೊ ಎಡಿಟಿಂಗ್ ತಂತ್ರಾಂಶ ಇರುವ ಕನ್ನಡದ ಎಳೆಯರು ಹತ್ತು ನಿಮಿಷದ ಚಿತ್ರಗಳನ್ನು ಉತ್ಸಾಹದಿಂದ ಮಾಡುತ್ತಿದ್ದಾರೆ. ಭ್ರಮೆ ಹುಟ್ಟಿಸುವ ದೃಶ್ಯಗಳನ್ನು ಒಂದು ಆ್ಯಪ್ ಅರೆಗಳಿಗೆಯಲ್ಲಿ ಮಾಡಿಕೊಡುತ್ತದೆ. ಅವರಲ್ಲಿ ಯಾರಾದರೂ ಈ ವಸ್ತುವನ್ನು ಎತ್ತಿಕೊಂಡರೆ ಎಚ್ಚರವಾಗಿ ಪಕ್ಕದಲ್ಲಿ ಕುಳಿತವರನ್ನು ಚೌಕಟ್ಟಿನಿಂದ ಆಚೆ ಹಾಕದಿರಲಿ. ಬೆಳಗಿನ ಜಾವ ನಾಲ್ಕಕ್ಕೆ ಗೆಳೆಯನ ಕೈ ಹಿಡಿದು ಕುಳಿತವನ ಮುಖದಲ್ಲಿ ನಗುವೂ ಇದೆ, ದಿಗಿಲೂ ಇದೆ. ಚಿತ್ರ ಇರುವುದು ಅಲ್ಲಿ.

ನಮ್ಮ ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1985ರ ಮಾದಕ ವಸ್ತು ತಡೆ ಕಾಯ್ದೆಯಡಿ ಭಾರತದಲ್ಲಿ ಎಲ್‌ಎಸ್‌ಡಿ, ಸೈಲೊಸಿಬಿನ್ ಎರಡೂ ನಿಷಿದ್ಧ. ಎಲ್‌ಎಸ್‌ಡಿಯ ಮಟ್ಟಿಗೆ ಬರೀ 0.1 ಗ್ರಾಂ ಮೀರಿದರೂ ಅದು ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ ಹತ್ತು ವರ್ಷ ಕಠಿಣ ಸಜೆಯಿದೆ. ಈ ವಸ್ತುಗಳಿಂದಾಗಲಿ, ಬೇರೆ ಯಾವುದೇ ಕಾರಣದಿಂದಾಗಲಿ ಮನಸ್ಸು ಹಿಡಿತ ತಪ್ಪಿ ಭಯ ಕಾಡುತ್ತಿದ್ದರೆ ಒಬ್ಬರೇ ಅನುಭವಿಸುತ್ತ ಕೂರಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತಾಡುವವರಿದ್ದಾರೆ.